ಆಟಿಸಂ ಕಾರ್ಡು: ಕನ್ನಡದಲ್ಲಿರಲಿ, ಓದುವವರಿಗೂ ಗೊತ್ತಿರಲಿ

ನಮ್ಮೆಲ್ಲರ ಕೊರಳಲ್ಲೂ ಕಾಲೇಜಿನ ಐಡಿ ಕಾರ್ಡ್ ನೇತಾಡುತ್ತದೆ. ಮರೆತು ಬಂದ ದಿನ ಗೇಟಿನಲ್ಲಿ ನಿಲ್ಲಿಸುತ್ತಾರೆ. ಆದರೂ ನಮಗೆ ದೊಡ್ಡ ತೊಂದರೆ ಏನೂ ಆಗುವುದಿಲ್ಲ, ಏಕೆಂದರೆ ನಮಗೆ ಬಾಯಿ ಇದೆ. "ಸಾರ್, ಸೆಕೆಂಡ್ ಪಿಯುಸಿ, ಮನೇಲಿ ಬಿಟ್ಟು ಬಂದೆ" ಅನ್ನುತ್ತೇವೆ. ಮುಖ ನೋಡಿ ಹೇಳುತ್ತೇವೆ, ಸ್ವಲ್ಪ ನಗುತ್ತೇವೆ, ಬೈಸಿಕೊಂಡು ಒಳಗೆ ಹೋಗುತ್ತೇವೆ. ಇಷ್ಟು ಸಣ್ಣ ಕೆಲಸವನ್ನೂ ಮಾಡಲಾಗದವರು ನಮ್ಮ ಊರಿನಲ್ಲಿದ್ದಾರೆ. ಅವರ ಕೊರಳಲ್ಲಿ ಕಾರ್ಡ್ ಇರಬೇಕೇ, ಇದ್ದರೆ ಅದರಲ್ಲಿ ಏನು ಬರೆದಿರಬೇಕು ಎಂಬುದೇ ಈ ಲೇಖನದ ವಿಷಯ.

ಆಟಿಸಂಗೆ ಸರ್ಕಾರಿ ಕನ್ನಡದಲ್ಲಿ 'ಸ್ವಲೀನತೆ' ಎನ್ನುತ್ತಾರೆ. ತನ್ನಲ್ಲೇ ಲೀನವಾಗಿರುವುದು ಎಂದು ಅರ್ಥ. ಈ ಪದ ನನಗೆ ಅಷ್ಟು ಇಷ್ಟವಿಲ್ಲ. ಹೊರಗಿನದೇನೂ ಅವರಿಗೆ ತಟ್ಟುವುದಿಲ್ಲ ಎಂಬ ಭಾವನೆ ಬರುತ್ತದೆ. ನಿಜ ಹೇಳಬೇಕೆಂದರೆ ಎಷ್ಟೋ ಜನರಿಗೆ ಹೊರಗಿನದು ನಮಗಿಂತ ಹೆಚ್ಚೇ ತಟ್ಟುತ್ತದೆ. ಟ್ಯೂಬ್‌ಲೈಟಿನ ಗುಂಯ್ ಸದ್ದು, ರೈಲಿನ ಹಾರ್ನ್, ಹಿಂದಿನಿಂದ ಯಾರೋ ಭುಜ ಮುಟ್ಟಿದ್ದು, ಇವೆಲ್ಲ ಸಹಿಸಲಾಗದಷ್ಟು ಆಗಬಹುದು. ಇದು ಹುಟ್ಟಿನಿಂದಲೇ ಮೆದುಳು ಬೆಳೆಯುವ ರೀತಿಯಲ್ಲಿರುವ ಒಂದು ವ್ಯತ್ಯಾಸ. ಕಾಯಿಲೆಯಲ್ಲ, ಹುಚ್ಚಲ್ಲ, ತಾಯಿ ಬೆಳೆಸಿದ್ದರಲ್ಲಿ ಆದ ತಪ್ಪೂ ಅಲ್ಲ. ಕೆಲವರು ಮಾತೇ ಆಡುವುದಿಲ್ಲ. ಕೆಲವರು ಇಂಜಿನಿಯರಿಂಗ್ ಓದುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 127 ಜನರಿಗೆ ಒಬ್ಬರಿಗೆ ಆಟಿಸಂ ಇದೆ. ಬೀರೂರಿನಲ್ಲಿ 20,000ಕ್ಕೂ ಹೆಚ್ಚು ಜನರಿದ್ದೇವೆ. ಅದೇ ಲೆಕ್ಕ ಹಾಕಿದರೆ ನಮ್ಮ ಪಟ್ಟಣವೊಂದರಲ್ಲೇ 150ಕ್ಕೂ ಹೆಚ್ಚು ಜನ ಇರಬೇಕು. ನಿಮಗೆ ಗೊತ್ತಿರುವವರು ಎಷ್ಟು ಮಂದಿ? ಎಣಿಸಿ ನೋಡಿ. ಉಳಿದವರೆಲ್ಲ ಎಲ್ಲಿ ಹೋದರು? ಮನೆಯೊಳಗೆ ಇದ್ದಾರೆ. ಇಲ್ಲವೇ 'ಒಂಥರಾ ಹುಡುಗ', 'ಜಂಬದ ಹುಡುಗಿ', 'ಮಂಕ' ಎಂಬ ಹೆಸರುಗಳಲ್ಲಿ ನಮ್ಮ ನಡುವೆಯೇ ಇದ್ದಾರೆ.

ನೋಡಿದ ತಕ್ಷಣ ಗೊತ್ತಾಗುವುದಿಲ್ಲ ಎಂಬುದೇ ಇಲ್ಲಿಯ ತೊಂದರೆ. ಕೋಲು ಹಿಡಿದು ನಡೆಯುವವರನ್ನು ಕಂಡರೆ ದಾರಿ ಬಿಡುತ್ತೇವೆ, ಗಾಲಿಕುರ್ಚಿ ಕಂಡರೆ ಬಾಗಿಲು ಹಿಡಿಯುತ್ತೇವೆ. ಆಟಿಸಂ ಇರುವ ಹದಿನಾರು ವರ್ಷದ ಹುಡುಗ ಪ್ಲಾಟ್‌ಫಾರಂನಲ್ಲಿ ಕೈ ಬಡಿಯುತ್ತ ಹಿಂದೆ ಮುಂದೆ ಓಡಾಡಿದರೆ ಏನನ್ನುತ್ತೇವೆ? ಏನೋ ಎಳೆದಿದ್ದಾನೆ ಅನ್ನುತ್ತೇವೆ. ಪೊಲೀಸರೂ ಅದನ್ನೇ ಅಂದುಕೊಳ್ಳುತ್ತಾರೆ. ಅವರ ಕೆಲಸದಲ್ಲಿ ಕಣ್ಣು ತಪ್ಪಿಸುವುದು, ಉತ್ತರ ಕೊಡದಿರುವುದು, ಮುಟ್ಟಿದರೆ ಓಡುವುದು ಇವು ಮೂರೂ ಅನುಮಾನದ ಲಕ್ಷಣಗಳು. ಆಟಿಸಂ ಇರುವ ಎಷ್ಟೋ ಜನರಿಗೆ ಇವು ಮೂರೂ ದಿನನಿತ್ಯದ ನಡವಳಿಕೆ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಅನೇಕ ಮಕ್ಕಳು ಕೇಳಿದ ಮಾತನ್ನೇ ತಿರುಗಿ ಹೇಳುತ್ತಾರೆ. ಇದಕ್ಕೆ ಎಕೋಲೇಲಿಯಾ ಎಂದು ಹೆಸರು. "ನಿನ್ನ ಹೆಸರೇನು?" ಎಂದರೆ "ನಿನ್ನ ಹೆಸರೇನು?" ಎನ್ನುತ್ತಾರೆ. ಗೊತ್ತಿಲ್ಲದವರಿಗೆ ಇದು ಅಣಕಿಸಿದಂತೆ ಕೇಳುತ್ತದೆ. ಈಗ "ಮೊಬೈಲ್ ನೀನೇ ತಗೊಂಡೆಯಾ?" ಎಂದು ಕೇಳಿ ನೋಡಿ. "ತಗೊಂಡೆ" ಎಂಬ ಉತ್ತರ ಬರುತ್ತದೆ. ಕೇಳಿದವರಿಗೆ ಅದು ತಪ್ಪೊಪ್ಪಿಗೆ.

ನನಗೆ ಇದೆಲ್ಲ ಪುಸ್ತಕದಿಂದ ಗೊತ್ತಾಗಿದ್ದಲ್ಲ. ನನ್ನ ಖಾಲಾ, ಅಂದರೆ ಅಮ್ಮನ ತಂಗಿಯ ಮಗನಿಗೆ ಆಟಿಸಂ ಇದೆ. ಅವನ ಹೆಸರು ಬರೆಯುವುದಿಲ್ಲ, ಖಾಲಾ ಬೇಡ ಎಂದಿದ್ದಾರೆ. ಅವನಿಗೆ ರೈಲು ಎಂದರೆ ಪ್ರಾಣ. ನಮ್ಮೂರು ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ದಾರಿಯಿಂದ ಶಿವಮೊಗ್ಗ, ತಾಳಗುಪ್ಪದ ದಾರಿ ಒಡೆಯುವುದು ಇಲ್ಲಿಯೇ. ಯಾವ ಗಾಡಿ ಯಾವ ಕಡೆ ತಿರುಗುತ್ತದೆ ಎಂದು ಅವನಿಗೆ ಬಾಯಿಪಾಠ. ಮನೆಯವರ ಕಣ್ಣು ತಪ್ಪಿದರೆ ಅವನು ಸಿಗುವುದು ಸ್ಟೇಷನ್ನಿನಲ್ಲಿ. ಇಂಥ ಮಕ್ಕಳು ಹೀಗೆ ಹೊರಟುಬಿಡುವುದು ನಮ್ಮ ಮನೆಯ ಕಥೆ ಮಾತ್ರವಲ್ಲ. ಅಮೆರಿಕದ ಪೀಡಿಯಾಟ್ರಿಕ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2012ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೇಳದೆ ಕೇಳದೆ ಹೊರಟುಹೋಗಿದ್ದರು ಎಂದು ತಂದೆತಾಯಂದಿರು ಹೇಳಿದ್ದರು.

ಒಂದು ಸಲ ಅವನು ಗಾಡಿ ಹತ್ತಿಯೇ ಬಿಟ್ಟ. ಬೆಂಗಳೂರಿನ ಕಡೆಯ ಯಾವುದೋ ಊರಿನಲ್ಲಿ ಇಳಿದ. ಊರಿನ ಹೆಸರು ಬೇಡ. ಅಲ್ಲಿ ಯಾರದೋ ಬ್ಯಾಗು ಕಾಣೆಯಾಗಿತ್ತು, ಇವನು ಬೆಂಚಿನ ಹತ್ತಿರವೇ ಸುತ್ತುತ್ತಿದ್ದ. ಕೇಳಿದ ಪ್ರಶ್ನೆಯನ್ನು ಕೇಳಿದವರಿಗೇ ವಾಪಸ್ ಕೊಟ್ಟ. ಕೆನ್ನೆಗೆ ಒಂದು ಬಿತ್ತು. ಆಮೇಲೆ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತು, ತನಗೆ ಸಮಾಧಾನ ಕೊಡುವುದನ್ನು ಹೇಳಿಕೊಳ್ಳಲು ಶುರುಮಾಡಿದ: "ಅರಸೀಕೆರೆ, ಬಾಣಾವರ, ಕಡೂರು, ಬೀರೂರು." ಮತ್ತೆ "ಅರಸೀಕೆರೆ, ಬಾಣಾವರ, ಕಡೂರು, ಬೀರೂರು." ಟೀ ಮಾರುವವರೊಬ್ಬರು ಕೇಳಿಸಿಕೊಂಡು, ಪ್ರತಿ ಸಲವೂ ಬೀರೂರಿಗೆ ನಿಲ್ಲಿಸುತ್ತಾನಲ್ಲ, ಇವನು ಆ ಊರಿನವನೇ ಇರಬೇಕು ಎಂದರು. ಅವರಿಂದ ನಮಗೆ ಹುಡುಗ ಸಿಕ್ಕಿದ. ಎಷ್ಟೋ ಹೊತ್ತು ಪ್ರಶ್ನೆ ಕೇಳಿದವರಿಗೆ ಸಿಗದ ಉತ್ತರ ಸುಮ್ಮನೆ ಕೇಳಿಸಿಕೊಂಡವರಿಗೆ ಸಿಕ್ಕಿತ್ತು.

ಆ ದಿನ ಅವನ ಕೊರಳಲ್ಲಿ ತಾವೀಜ್ ಇತ್ತು. ಫೋನ್ ನಂಬರ್ ಇರಲಿಲ್ಲ. ಮನೆಯಲ್ಲಿ ಅವನಿಗೆ ಬರುವ ನಾಲ್ಕು ಮಾತು ಉರ್ದು, ಕೇಳಿದವರದು ಕನ್ನಡ. ನಮ್ಮ ಸಮುದಾಯದ ಹುಡುಗ ಉತ್ತರ ಕೊಡದೆ ನಿಂತರೆ ಇಂದಿನ ದಿನಗಳಲ್ಲಿ ಅನುಮಾನ ಸ್ವಲ್ಪ ಬೇಗ ಬರುತ್ತದೆ ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಇದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2010ರಲ್ಲಿ ಬಂದ 'ಮೈ ನೇಮ್ ಈಸ್ ಖಾನ್' ಸಿನಿಮಾವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಶಾರುಖ್ ಖಾನ್ ಪಾತ್ರಕ್ಕೆ ಆಟಿಸಂನ ಒಂದು ಬಗೆಯಾದ ಆಸ್ಪರ್ಜರ್ಸ್ ಇರುತ್ತದೆ, ವಿಮಾನ ನಿಲ್ದಾಣದಲ್ಲಿ ಅವನ ನಡವಳಿಕೆ ನೋಡಿ ಪಕ್ಕಕ್ಕೆ ಕರೆದು ತಪಾಸಣೆ ಮಾಡುತ್ತಾರೆ. ಸಿನಿಮಾದಲ್ಲಿ ಎರಡೂವರೆ ಗಂಟೆಯಲ್ಲಿ ಎಲ್ಲ ಸರಿಹೋಗುತ್ತದೆ.

ಕಾರ್ಡಿನ ಮಾತಿಗೆ ಬರೋಣ. ಬ್ರಿಟನ್ನಿನಲ್ಲಿ ಇದು ಹಳೆಯ ವಿಷಯ. ಅಲ್ಲಿ ಆಟಿಸಂ ಸಂಘಟನೆಗಳೂ ಕೆಲವು ಕಡೆ ಪೊಲೀಸ್ ಇಲಾಖೆಗಳೂ ಜೇಬಿನಲ್ಲಿಡುವ ಕಾರ್ಡ್ ಕೊಡುತ್ತವೆ. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಹೂವಿನ ಹಸಿರು ಟ್ಯಾಗ್ ಶುರುವಾಯಿತು. ಕಣ್ಣಿಗೆ ಕಾಣದ ವೈಕಲ್ಯ ಇರುವವರು ಅದನ್ನು ಕೊರಳಿಗೆ ಹಾಕಿಕೊಂಡರೆ ಸಿಬ್ಬಂದಿ ಅರ್ಥಮಾಡಿಕೊಂಡು ತಾಳ್ಮೆಯಿಂದ ನಡೆದುಕೊಳ್ಳುತ್ತಾರೆ. ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಈಗ ಆ ವ್ಯವಸ್ಥೆ ಇದೆ. ಒಳ್ಳೆಯದೇ. ಆದರೆ ಬೀರೂರು ಬಸ್ ಸ್ಟ್ಯಾಂಡಿನಲ್ಲಿ ಸೂರ್ಯಕಾಂತಿ ಟ್ಯಾಗ್ ಹಾಕಿಕೊಂಡು ನಿಂತರೆ ಅಡುಗೆ ಎಣ್ಣೆಯ ಕಂಪನಿಯವರು ಹಂಚಿದ್ದು ಎಂದುಕೊಂಡಾರು. ಗುರುತು ಕೆಲಸ ಮಾಡುವುದು ನೋಡುವವರಿಗೆ ಅದರ ಅರ್ಥ ಮೊದಲೇ ಗೊತ್ತಿದ್ದಾಗ. ವಿಮಾನ ನಿಲ್ದಾಣದಲ್ಲಿ ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದಾರೆ, ಆದ್ದರಿಂದ ಅಲ್ಲಿ ನಡೆಯುತ್ತದೆ.

ನಮ್ಮ ದೇಶದ ಕಾರ್ಡ್ ಬೇರೆ ಇದೆ. 1995ರ ಕಾಯ್ದೆಯ ಪಟ್ಟಿಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಾದವು, ಆಟಿಸಂ ಸೇರಿತು. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಈಗ ಕೊಡುವ ಯುಡಿಐಡಿ ಕಾರ್ಡು ಇಡೀ ದೇಶಕ್ಕೆ ಒಂದೇ. ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, ಅದರ ಮೇಲೆ ನೀಲಿ. ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಆಟಿಸಂಗೆ 'ಐಎಸ್‌ಎಎ' ಎಂಬ ಭಾರತೀಯ ಅಳತೆಗೋಲು ಇದೆ, 40 ಅಂಶಗಳನ್ನು ನೋಡಿ ಅಂಕ ಹಾಕುತ್ತಾರೆ, 70 ದಾಟಿದರೆ ಆಟಿಸಂ ಎಂದು ಲೆಕ್ಕ. ಇದಕ್ಕೆ ಬೇಕಾದ ತಜ್ಞರಿಗಾಗಿ ಇಲ್ಲಿಯವರು ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಓಡಾಡಬೇಕು. ಹೊಸ ಜಾಗ, ಗದ್ದಲ, ಸಾಲು ಇವನ್ನು ಸಹಿಸಲಾಗದ ಮಗುವನ್ನು ಕರೆದುಕೊಂಡು ಎರಡು ಮೂರು ಸಲ ಹೋಗಿಬರುವುದು ಎಂದರೆ ಏನೆಂದು ಹೋದವರಿಗೇ ಗೊತ್ತು. ದಿನಗೂಲಿಯವರಿಗೆ ಅಷ್ಟೂ ದಿನದ ಕೂಲಿ ಹೋಗುತ್ತದೆ.

ಹಾಗಿದ್ದರೂ ಯುಡಿಐಡಿ ಮಾಡಿಸಿಕೊಳ್ಳಲೇಬೇಕು. ಪಿಂಚಣಿ, ವಿದ್ಯಾರ್ಥಿವೇತನ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಇವಕ್ಕೆಲ್ಲ ಅದೇ ಆಧಾರ. ಎಲ್ಲಿಂದ ಶುರುಮಾಡುವುದು ಗೊತ್ತಾಗದಿದ್ದರೆ ಗ್ರಾಮ ಪಂಚಾಯಿತಿಗಳಲ್ಲಿ ವಿ.ಆರ್.ಡಬ್ಲ್ಯೂ. ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಪಟ್ಟಣದಲ್ಲಿ ಪುರಸಭೆಯಲ್ಲಿ ವಿಚಾರಿಸಬಹುದು. ಆದರೆ ರಾತ್ರಿ ಹತ್ತು ಗಂಟೆಗೆ ಪ್ಲಾಟ್‌ಫಾರಂನಲ್ಲಿ ಹುಡುಗನನ್ನು ಹಿಡಿದುಕೊಂಡ ಕಾನ್‌ಸ್ಟೇಬಲ್‌ಗೆ ಆ ಕಾರ್ಡು ಹೇಳುವುದೇನು? ಒಂದು ಹೆಸರು, ಒಂದು ಉದ್ದನೆಯ ಸಂಖ್ಯೆ, ಒಂದು ಶೇಕಡಾವಾರು. ಈ ಹುಡುಗನ ಹತ್ತಿರ ಹೇಗೆ ಮಾತಾಡಬೇಕು ಎಂದು ಅದರಲ್ಲಿ ಬರೆದಿಲ್ಲ. ಸೌಲಭ್ಯ ಕೊಡಲು ಮಾಡಿದ ಕಾರ್ಡ್ ಅದು, ಅದರಿಂದ ಈ ಕೆಲಸ ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಅದಕ್ಕೇ ನಾನು ಹೇಳುವುದು, ಯುಡಿಐಡಿ ಮನೆಯಲ್ಲಿ ಭದ್ರವಾಗಿರಲಿ. ಕೊರಳಲ್ಲೋ ಬ್ಯಾಗಿನಲ್ಲೋ ಇರಬೇಕಾದದ್ದು ಬೇರೆ, ನಾವೇ ಮಾಡಬಹುದಾದ ಒಂದು ಕನ್ನಡ ಚೀಟಿ. ಅದರಲ್ಲಿ ರೋಗದ ಹೆಸರಿನಂತೆ ಒಂದು ದೊಡ್ಡ ಪದ ಬರೆದು ಬಿಡುವುದರಿಂದ ಪ್ರಯೋಜನವಿಲ್ಲ. 'ಸ್ವಲೀನತೆ' ಎಂದು ಓದಿದ ಬಸ್ ಕಂಡಕ್ಟರ್ ಏನು ಮಾಡಬೇಕು? ಮಾಡಬೇಕಾದದ್ದನ್ನೇ ಬರೆಯಬೇಕು. ಖಾಲಾ ಮತ್ತು ನಾನು ಕೂತು ಬರೆದದ್ದು ಹೀಗಿದೆ:

"ನನಗೆ ಆಟಿಸಂ ಇದೆ. ನೀವು ಕೇಳಿದ್ದನ್ನೇ ನಾನು ತಿರುಗಿ ಹೇಳಬಹುದು, ಅದು ಅಣಕವಲ್ಲ, ಒಪ್ಪಿಗೆಯೂ ಅಲ್ಲ. ಮನೆಯಲ್ಲಿ ಉರ್ದು ಮಾತಾಡುತ್ತೇನೆ. ದಯವಿಟ್ಟು ಹಿಡಿದು ಎಳೆಯಬೇಡಿ, ಗಟ್ಟಿಯಾಗಿ ಕೂಗಬೇಡಿ. ಸದ್ದಿಲ್ಲದ ಕಡೆ ಕೂರಿಸಿ, ನೀರು ಕೊಡಿ, ಈ ನಂಬರಿಗೆ ಫೋನ್ ಮಾಡಿ."

ಕೆಳಗೆ ಎರಡು ಫೋನ್ ನಂಬರ್, ಒಂದು ಸ್ವಿಚ್ ಆಫ್ ಆಗಿದ್ದರೆ ಇನ್ನೊಂದು. ಹಿಂಬದಿಯಲ್ಲಿ ಇದೇ ಮಾತು ಹಿಂದಿ ಮತ್ತು ಇಂಗ್ಲಿಷಿನಲ್ಲಿ, ಏಕೆಂದರೆ ರೈಲಿನಲ್ಲಿ ಸಿಗುವ ಸಿಬ್ಬಂದಿ ಯಾವ ರಾಜ್ಯದವರೋ ಹೇಳಲಾಗದು. ಮನೆ ವಿಳಾಸ ಬರೆಯಲಿಲ್ಲ. ಯಾರ ಕೈಗೆ ಬೇಕಾದರೂ ಸಿಗುವ ಚೀಟಿಯಲ್ಲಿ ವಿಳಾಸ ಬೇಡ, ಹುಡುಗಿಯರದಾದರೆ ಖಂಡಿತ ಬೇಡ. ಜೇಬಿನಲ್ಲಿಡುವುದು ಕೂಡ ಸರಿಯಲ್ಲ ಎನಿಸಿತು. ಗಾಬರಿಯಾದಾಗ ಅವನಿಗೆ ಚೀಟಿ ತೆಗೆದುಕೊಡುವುದು ನೆನಪಾಗುವುದಿಲ್ಲ, ಪೊಲೀಸರ ಮುಂದೆ ಥಟ್ಟನೆ ಜೇಬಿಗೆ ಕೈ ಹಾಕುವುದೂ ಒಳ್ಳೆಯದಲ್ಲ. ಕೊರಳಿನ ದಾರ ಅವನಿಗೆ ಚುಚ್ಚುತ್ತದೆ, ಕಿತ್ತು ಬಿಸಾಡುತ್ತಾನೆ. ಕೊನೆಗೆ ಬೆಲ್ಟಿನ ಲೂಪಿಗೆ ಕಟ್ಟಿದ್ದೇವೆ. ತಾವೀಜ್ ಮಾತ್ರ ಅವನಿಗೆ ಚುಚ್ಚುವುದಿಲ್ಲ, ಅದು ಹೇಗೋ! ಅದರ ದಾರಕ್ಕೇ ಒಂದು ಸಣ್ಣ ನಂಬರ್ ಬಿಲ್ಲೆಯನ್ನೂ ಖಾಲಾ ಸೇರಿಸಿದ್ದಾರೆ.

ಇದಕ್ಕೆ ಎದುರು ಮಾತು ನಮ್ಮ ಮನೆಯಲ್ಲೇ ಬಂತು. ನಾನಿ ಹೇಳಿದರು: "ಊರಿಗೆಲ್ಲ ಚೀಟಿ ಅಂಟಿಸಿ ತೋರಿಸಬೇಕಾ? ನಾಳೆ ಅವನ ತಂಗಿಗೆ ಗಂಡು ನೋಡುವಾಗ ಇದೇ ಮಾತು ಬರುತ್ತೆ." ಇದನ್ನು ಹಳೆಯ ಕಾಲದವರ ಮಾತು ಎಂದು ತಳ್ಳಿಹಾಕಲಾರೆ. ನಮ್ಮ ಊರುಗಳಲ್ಲಿ ಇಂಥ ಮಕ್ಕಳನ್ನು ಮುಚ್ಚಿಡುವುದಕ್ಕೆ ಮುಖ್ಯ ಕಾರಣವೇ ಅಣ್ಣತಂಗಿಯರ ಮದುವೆ. ಇನ್ನೂ ಒಂದು ಗಟ್ಟಿಯಾದ ಆಕ್ಷೇಪಣೆ ಇದೆ, ಅದನ್ನು ಆಟಿಸಂ ಇರುವ ದೊಡ್ಡವರೇ ಎತ್ತುತ್ತಾರೆ: ನಾನು ಕಳ್ಳನಲ್ಲ ಎಂದು ತೋರಿಸಲು ನಾನೇ ಏಕೆ ಕಾರ್ಡ್ ಹೊತ್ತು ತಿರುಗಬೇಕು? ನಾಳೆ ಕಾರ್ಡ್ ಇಲ್ಲದವನನ್ನು "ಎಲ್ಲಿ ನಿನ್ನ ಕಾರ್ಡ್?" ಎಂದು ಹೊಡೆಯುವುದಿಲ್ಲವೇ?

ಈ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಒಂದು ಮಾತು ಮಾತ್ರ ಖಚಿತ, ಯಾರಿಗೂ ಇದನ್ನು ಕಡ್ಡಾಯ ಮಾಡಬಾರದು. ತಾನೇ ಮಾತಾಡಬಲ್ಲ, ಇಷ್ಟವಿಲ್ಲದ ವ್ಯಕ್ತಿಗೆ ಬೇಡವೇ ಬೇಡ. ನನ್ನ ತಮ್ಮನಂಥವರಿಗೆ, ಮನೆಯ ದಾರಿ ಹೇಳಲಾಗದವರಿಗೆ, ಅದು ಬೇಕು.

ಕಾರ್ಡನ್ನೇ ನಂಬಿ ಕೂರಲಾಗದು ಎಂಬುದಕ್ಕೆ ಎರಡು ಘಟನೆ ಹೇಳುತ್ತೇನೆ. 2016ರ ಜುಲೈನಲ್ಲಿ ಅಮೆರಿಕದ ನಾರ್ತ್ ಮಯಾಮಿಯಲ್ಲಿ ಆಟಿಸಂ ಇರುವ ಯುವಕನೊಬ್ಬ ರಸ್ತೆಯಲ್ಲಿ ಆಟಿಕೆ ಲಾರಿ ಹಿಡಿದು ಕೂತಿದ್ದ. ಯಾರೋ ಅದನ್ನು ಬಂದೂಕು ಎಂದು ಪೊಲೀಸರಿಗೆ ಫೋನ್ ಮಾಡಿದರು. ಅವನನ್ನು ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಕಿನ್ಸಿ ಎರಡೂ ಕೈ ಮೇಲೆತ್ತಿ ನೆಲದ ಮೇಲೆ ಮಲಗಿ, ಅದು ಆಟಿಕೆ ಎಂದು ಕೂಗಿ ಹೇಳಿದರು. ಗುಂಡು ಕಿನ್ಸಿಯವರ ಕಾಲಿಗೇ ಬಿತ್ತು. 2020ರ ಮೇ 30ರಂದು ಜೆರುಸಲೇಮಿನ ಹಳೇ ಪಟ್ಟಣದಲ್ಲಿ ಇಯಾದ್ ಅಲ್ ಹಲ್ಲಾಕ್ ಎಂಬ ಆಟಿಸಂ ಇದ್ದ ಪ್ಯಾಲೆಸ್ತೀನಿ ವ್ಯಕ್ತಿ ತಾನು ದಿನವೂ ಹೋಗುವ ವಿಶೇಷ ಕೇಂದ್ರಕ್ಕೆ ನಡೆದು ಹೋಗುತ್ತಿದ್ದರು. ಇಸ್ರೇಲಿ ಪೊಲೀಸರು ನಿಲ್ಲು ಎಂದರು, ಅವರು ಹೆದರಿ ಓಡಿದರು. ಅಂಗವಿಕಲ, ಅಂಗವಿಕಲ ಎಂದು ಅವರ ಕೇಂದ್ರದ ಶಿಕ್ಷಕಿ ಕೂಗುತ್ತಿದ್ದರೂ ಗುಂಡು ಹಾರಿತು, ಅವರು ಸತ್ತರು. ಗುಂಡು ಹಾರಿಸಿದ ಪೊಲೀಸನನ್ನು 2023ರಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. ಎರಡೂ ಕಡೆ ಕಾರ್ಡಿಗಿಂತ ದೊಡ್ಡ ಗುರುತು, ಪಕ್ಕದಲ್ಲೇ ನಿಂತು ಕೂಗಿ ಹೇಳುವ ಮನುಷ್ಯರು ಇದ್ದರು. ಕೇಳುವ ಕಿವಿ ಇರಲಿಲ್ಲ.

ಹಾಗಾಗಿ ಪೊಲೀಸರಿಗೆ ಮೊದಲೇ ತಿಳಿಸುವ ಕೆಲಸ ಚೀಟಿಯಷ್ಟೇ ಮುಖ್ಯ. ಇದು ಅವರ ಮೇಲೆ ನಮ್ಮ ಉಪಕಾರವೂ ಅಲ್ಲ, ನಮ್ಮ ಮೇಲೆ ಅವರ ದಯೆಯೂ ಅಲ್ಲ. 2016ರ ಕಾಯ್ದೆಯ 47ನೇ ಸೆಕ್ಷನ್ ಪೊಲೀಸರ ತರಬೇತಿಯಲ್ಲಿ ಅಂಗವಿಕಲರ ಹಕ್ಕುಗಳು ಇರಲೇಬೇಕು ಎನ್ನುತ್ತದೆ. 92ನೇ ಸೆಕ್ಷನ್ ಪ್ರಕಾರ ಸಾರ್ವಜನಿಕವಾಗಿ ಅವಮಾನಿಸಬೇಕೆಂದೇ ಅಂಗವಿಕಲರನ್ನು ನಿಂದಿಸಿದರೆ, ಬೆದರಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. ಇದು ಪೊಲೀಸರಿಗೆ ಮಾತ್ರವಲ್ಲ, ಬಸ್ ಸ್ಟ್ಯಾಂಡಿನಲ್ಲಿ ವಿಡಿಯೋ ಮಾಡಿ ನಗುವ ನಮಗೂ ಅನ್ವಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಕೂಡ ಮನೆಯವರಿಗೆ ಗೊತ್ತಿರಬೇಕು: ಮಾನಸಿಕ ಅಥವಾ ದೈಹಿಕ ವೈಕಲ್ಯ ಇರುವವರನ್ನು ಸಾಕ್ಷಿಯಾಗಿ ವಿಚಾರಿಸಬೇಕಾದರೆ ಅವರಿರುವ ಜಾಗಕ್ಕೇ ಪೊಲೀಸರು ಬರಬೇಕು, ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ.

ಕಾನೂನು ಇಷ್ಟೆಲ್ಲ ಹೇಳಿದರೂ ಒಬ್ಬ ಕಾನ್‌ಸ್ಟೇಬಲ್‌ಗೆ ಇದು ತಲುಪಿರುತ್ತದೆಯೇ ಎಂಬುದು ಬೇರೆ ಮಾತು. ಅವರನ್ನು ಬೈಯುವುದು ಸುಲಭ. ನಮ್ಮ ಎಷ್ಟು ಲೆಕ್ಚರರ್‌ಗಳಿಗೆ, ಎಷ್ಟು ವಿದ್ಯಾರ್ಥಿಗಳಿಗೆ ಇದು ಗೊತ್ತಿದೆ? ರೈಲ್ವೆ ರಕ್ಷಣಾ ದಳದವರು 'ನನ್ಹೇ ಫರಿಶ್ತೇ' ಎಂಬ ಕಾರ್ಯಾಚರಣೆಯಲ್ಲಿ ಸ್ಟೇಷನ್ನುಗಳಲ್ಲಿ ಒಂಟಿಯಾಗಿ ಸಿಗುವ ಮಕ್ಕಳನ್ನು ಮನೆ ಸೇರಿಸುವ ಕೆಲಸ ಮಾಡುತ್ತಲೇ ಇದ್ದಾರೆ. ಮಾತಾಡದ ಮಗು ಸಿಕ್ಕಾಗ ಏನು ಮಾಡಬೇಕೆಂದು ಹೇಳಿಕೊಟ್ಟರೆ ಬೇಡ ಎನ್ನುವವರಲ್ಲ.

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ಆಗ ನಮಗೆ ರಜೆ, ಯಾರೂ ಇರುವುದಿಲ್ಲ. ಡಿಸೆಂಬರ್ 3 ಅಂಗವಿಕಲರ ಅಂತರರಾಷ್ಟ್ರೀಯ ದಿನ, ಅಂದು ಕಾಲೇಜು ಇರುತ್ತದೆ. ಆ ದಿನ ಭಾಷಣ ಇಟ್ಟುಕೊಳ್ಳುವ ಬದಲು ಎನ್‌ಎಸ್‌ಎಸ್ ಘಟಕದವರು ಮೂರು ಜಾಗಕ್ಕೆ ಹೋಗಿಬರಲಿ ಎಂದು ನನ್ನ ಕೋರಿಕೆ: ಪೊಲೀಸ್ ಠಾಣೆ, ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್. ಕೈಯಲ್ಲಿ ಒಂದು ಪುಟದ ಪೋಸ್ಟರ್ ಇರಲಿ, ಅದರಲ್ಲಿ ಈ ಚೀಟಿಯ ಮಾದರಿ ಮತ್ತು 112, 1098, ರೈಲ್ವೆಯ 139 ಇರಲಿ. ಸ್ಟೇಷನ್ನಿನ ಟೀ ಅಂಗಡಿಯವರಿಗೂ ಆಟೋದವರಿಗೂ ಒಂದೊಂದು ಕೊಡಿ, ಅವರನ್ನು ಬಿಡಬೇಡಿ. ಉರ್ದು ವಿಭಾಗದವರು ಮತ್ತು ಕನ್ನಡ ವಿಭಾಗದವರು ಕೂತು ಚೀಟಿಯ ಭಾಷೆ ಸರಿಮಾಡಿಕೊಟ್ಟರೆ ಇನ್ನೂ ಒಳ್ಳೆಯದು, ನಾವು ಬರೆದದ್ದರಲ್ಲಿ ವಾಕ್ಯ ಉದ್ದವಾಯಿತು ಎಂದು ನನಗೇ ಅನಿಸಿದೆ.

ಚೀಟಿ ಬೇಕಾದ ಮನೆಯವರು ಹೆಸರು ಹೇಳದೆಯೂ ತೆಗೆದುಕೊಂಡು ಹೋಗುವಂತಿರಬೇಕು. ಅದಕ್ಕೆ ಲೈಬ್ರರಿಯ ಬಾಗಿಲ ಪಕ್ಕದ ಟೇಬಲ್ ಮೇಲೆ ಫೋನ್ ನಂಬರಿನ ಜಾಗ ಖಾಲಿ ಬಿಟ್ಟ ಚೀಟಿಗಳನ್ನು ಇಡಲು ಲೈಬ್ರರಿಯನ್ ಸಾರ್ ಒಪ್ಪಿದ್ದಾರೆ. ಮೊದಲ ಇಪ್ಪತ್ತು ಚೀಟಿಗಳ ಜೆರಾಕ್ಸ್ ಆಗಿದೆ. ನಂಬರನ್ನು ಪೆನ್ಸಿಲ್ ಬಿಟ್ಟು ಪೆನ್ನಿನಲ್ಲೇ ಬರೆದು, ಆಮೇಲೆ ಲ್ಯಾಮಿನೇಷನ್ ಮಾಡಿಸಿಕೊಳ್ಳಿ.

— ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ